ಕಣ್ಣಿನ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ: ಜೋಡಣೆಗಳ ಬಳಕೆ ಮತ್ತು ಪಾಲನೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಒಂದಕ್ಕೊಂದು ಹತ್ತಿರದ ಊರುಗಳು. ಸಿಂಧನೂರು ಎಂದೊಡನೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿಗಳು ನೆನಪಾಗುತ್ತವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೇಳುವ ಶಾಸನವಿದೆ. 1915ರಲ್ಲಿ ಅದನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಕಾಲುವೆ ಸೀಮೆಯ ತೇವ, ಭತ್ತದ ಹೊಟ್ಟಿನ ಧೂಳು, ಚಿನ್ನದ ಅದಿರಿನ ಜೊತೆಗಾರನಾದ ಬೆಣಚುಕಲ್ಲಿನ ಪುಡಿ, ಈ ಮೂರೂ ನಮ್ಮ ಇಂದಿನ ವಿಷಯಕ್ಕೆ ಸಂಬಂಧಪಟ್ಟವು. ವಿಷಯ ಮಾತ್ರ ಗದ್ದೆಯದಲ್ಲ, ಗಣಿಯದೂ ಅಲ್ಲ, ಕಣ್ಣಿನ ಆಸ್ಪತ್ರೆಯದು.

ಕೆಲವು ವರ್ಷಗಳ ಹಿಂದೆ ಈ ಭಾಗದ ಕಣ್ಣಿನ ವೈದ್ಯರೊಬ್ಬರು ನನಗೆ ಫೋನ್ ಮಾಡಿದರು. "ಸರ್, ಮೈಕ್ರೋಸ್ಕೋಪಿನಲ್ಲಿ ಎಲ್ಲಾ ಮಬ್ಬಾಗಿ ಕಾಣ್ತದೆ. ಹೊಸ ಲ್ಯಾಂಪ್ ಹಾಕ್ಸಿದೆ, ಬೆಳಕು ಏರಿಸಿದೆ, ಆದ್ರೂ ಮಬ್ಬು ಹೋಗ್ತಿಲ್ಲ. ಸರ್ವಿಸ್ ಎಂಜಿನಿಯರ್ ಬರೋದು ಇನ್ನೂ ಹದಿನೈದು ದಿನ ಅಂತಾರೆ. ನೀವು ಬೆಳಕಿನ ಪಾಠ ಮಾಡೋರು, ಒಮ್ಮೆ ಬಂದು ನೋಡ್ರಿ" ಎಂದರು. ನಾನು ವೈದ್ಯನಲ್ಲ, ಸೂಕ್ಷ್ಮದರ್ಶಕದ ಮೆಕ್ಯಾನಿಕ್ಕೂ ಅಲ್ಲ. ಆದರೂ ಹೋದೆ. ಅಲ್ಲಿ ಕಂಡದ್ದನ್ನು ಮುಂದೆ ಹೇಳುತ್ತೇನೆ. "ಬೆಳಕು ಏರಿಸಿದರೂ ಮಬ್ಬು ಹೋಗಲಿಲ್ಲ" ಎಂಬ ಮಾತನ್ನು ಮಾತ್ರ ಈಗಲೇ ನೆನಪಿಟ್ಟುಕೊಳ್ಳಿ. ಈ ಲೇಖನದ ಮುಖ್ಯ ಪ್ರಶ್ನೆ ಅದೇ.

ಬರಿಗಣ್ಣಿನಿಂದ ಸೂಕ್ಷ್ಮದರ್ಶಕಕ್ಕೆ

ಉತ್ತರ ಕರ್ನಾಟಕದ ಹಿರಿಯರಿಗೆ ಡಾ. ಎಂ. ಸಿ. ಮೋದಿಯವರ ಹೆಸರು ಗೊತ್ತು. 2005ರಲ್ಲಿ ನಿಧನರಾದ ಅವರು ಊರೂರಿನಲ್ಲಿ ಶಿಬಿರ ನಡೆಸಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದರು. ಆ ಕಾಲದ ವಿಧಾನದಲ್ಲಿ ಪೊರೆ ಬಂದ ಮಸೂರವನ್ನು ಅದರ ಚೀಲದ ಸಮೇತ ಹೊರತೆಗೆಯುತ್ತಿದ್ದರು. ಸೂಕ್ಷ್ಮದರ್ಶಕವಿಲ್ಲದೆಯೂ ಅದನ್ನು ಮಾಡಬಹುದಿತ್ತು. ರೋಗಿ ಆಮೇಲೆ ಜೀವಮಾನವಿಡೀ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳಬೇಕಾಗುತ್ತಿತ್ತು.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಕಣ್ಣಿನೊಳಗೆ ಮೊದಲ ಕೃತಕ ಮಸೂರವನ್ನು ಇಟ್ಟರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರುವ ವಿಧಾನವನ್ನು ತೋರಿಸಿದರು. ಇಂದಿನ ವಿಧಾನಗಳಲ್ಲಿ ಮಸೂರದ ಚೀಲವನ್ನು ಉಳಿಸಿ, ಅದರೊಳಗೆ ಕೃತಕ ಮಸೂರವನ್ನು ಕೂರಿಸುತ್ತಾರೆ. ಈ ಚೀಲದ ಹಿಂಭಾಗದ ಪೊರೆಯ ದಪ್ಪ ಸುಮಾರು 4 ಮೈಕ್ರೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಅಂದರೆ ಕೂದಲಿಗಿಂತ ಹದಿನೇಳು ಪಟ್ಟು ತೆಳುವಾದ, ಪಾರದರ್ಶಕವಾದ ಹಾಳೆಯನ್ನು ಹರಿಯದಂತೆ ಕೆಲಸ ಮಾಡಬೇಕು. ಸೂಕ್ಷ್ಮದರ್ಶಕವಿಲ್ಲದೆ ಇದು ಸಾಧ್ಯವಿಲ್ಲ. 1953ರಲ್ಲಿ ಜರ್ಮನಿಯ ಝೈಸ್ ಕಂಪನಿ ತಂದ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದ ಮೂಲ ರಚನೆಯೇ ಇಂದಿಗೂ ಬಹುಮಟ್ಟಿಗೆ ಉಳಿದಿದೆ.

ಸಮಾಂತರ ಕಿರಣಗಳ ಹಾದಿ

ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿರುವ ಸೂಕ್ಷ್ಮದರ್ಶಕಕ್ಕೂ ಇದಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಇಲ್ಲಿ ಕೆಳಗಡೆ ದೊಡ್ಡದೊಂದು ವಸ್ತುಮಸೂರ, ಅಂದರೆ ಆಬ್ಜೆಕ್ಟಿವ್, ಇರುತ್ತದೆ. ಕಣ್ಣಿನ ಕೆಲಸಕ್ಕೆ ಅದರ ಸಂಗಮದೂರ ಸಾಮಾನ್ಯವಾಗಿ 175 ಅಥವಾ 200 ಮಿ.ಮೀ. ರೋಗಿಯ ಕಣ್ಣು ಸರಿಯಾಗಿ ಈ ಮಸೂರದ ಸಂಗಮ ತಲದಲ್ಲಿರುತ್ತದೆ. ಸಂಗಮದಲ್ಲಿಟ್ಟ ವಸ್ತುವಿನಿಂದ ಹೊರಟ ಕಿರಣಗಳು ಪೀನಮಸೂರವನ್ನು ದಾಟಿದ ಮೇಲೆ ಸಮಾಂತರವಾಗುತ್ತವೆ ಎಂಬುದು ಹತ್ತನೆಯ ತರಗತಿಯ ಪಾಠ. ಈ ಸಮಾಂತರ ಕಿರಣಗಳು ಮೇಲಕ್ಕೆ ಹೋಗಿ, ದ್ವಿನೇತ್ರ ಕೊಳವೆಯಲ್ಲಿರುವ ಇನ್ನೊಂದು ಮಸೂರದಿಂದ ಮತ್ತೆ ಕೂಡಿ ಬಿಂಬವನ್ನು ಉಂಟುಮಾಡುತ್ತವೆ. ಆ ಬಿಂಬವನ್ನು ವೈದ್ಯರು ನೇತ್ರಮಸೂರದ ಮೂಲಕ ನೋಡುತ್ತಾರೆ.

ಕಿರಣಗಳು ಸಮಾಂತರವಾಗಿರುವ ಈ ನಡುವಿನ ಜಾಗ ಬಹಳ ಉಪಯುಕ್ತವಾದದ್ದು. ಇಲ್ಲಿ ಚಪ್ಪಟೆ ಗಾಜಿನ ತುಂಡನ್ನೋ ಪಟ್ಟಕವನ್ನೋ ತೂರಿಸಿದರೆ ಬಿಂಬದ ಸ್ಥಾನ ಬದಲಾಗುವುದಿಲ್ಲ. ಎರಡು ಮಸೂರಗಳ ನಡುವಿನ ದೂರವನ್ನು ಐದಾರು ಸೆಂಟಿಮೀಟರ್ ಹೆಚ್ಚಿಸಿದರೂ ಫೋಕಸ್ ಕೆಡುವುದಿಲ್ಲ. ಒಂದರ ಮೇಲೊಂದು ಜೋಡಣೆಗಳನ್ನು ಸೇರಿಸಲು ಸಾಧ್ಯವಾಗಿರುವುದು ಈ ಕಾರಣದಿಂದಲೇ.

ಒಂದೇ ದೊಡ್ಡ ವಸ್ತುಮಸೂರದ ಮೇಲೆ ಎಡ ಮತ್ತು ಬಲಗಣ್ಣಿಗೆ ಎರಡು ಪ್ರತ್ಯೇಕ ಹಾದಿಗಳಿರುತ್ತವೆ. ಅವುಗಳ ನಡುವಿನ ಅಂತರ 24 ಮಿ.ಮೀ. ಎಂದುಕೊಳ್ಳಿ. ಸಂಗಮದೂರ 200 ಮಿ.ಮೀ. ಆಗಿದ್ದರೆ ಎರಡು ನೋಟಗಳ ನಡುವಿನ ಕೋನ 24/200, ಅಂದರೆ 0.12 ರೇಡಿಯನ್, ಸುಮಾರು 7 ಡಿಗ್ರಿ. ಈ ಸಣ್ಣ ಕೋನವೇ ವೈದ್ಯರಿಗೆ ಆಳದ ಅರಿವು ಕೊಡುತ್ತದೆ. ಒಂದು ಹಾದಿ ಮಬ್ಬಾದರೆ ಚಿತ್ರ ಉಳಿಯುತ್ತದೆ, ಆಳ ಹೋಗುತ್ತದೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ, ಅರ್ಥವಾಗುತ್ತದೆ.

ಯಾವ ಜೋಡಣೆಗೆ ಯಾವ ಕೆಲಸ?

ವಸ್ತುಮಸೂರ: ಇದನ್ನು ತಿರುಪಿ ಬಿಚ್ಚಿ ಬದಲಿಸಬಹುದು. ಒಟ್ಟು ವರ್ಧನೆಯನ್ನು ತಿಳಿಯಲು ಕೊಳವೆಯ ಮಸೂರದ ಸಂಗಮದೂರವನ್ನು ವಸ್ತುಮಸೂರದ ಸಂಗಮದೂರದಿಂದ ಭಾಗಿಸಿ, ನೇತ್ರಮಸೂರದ ವರ್ಧನೆಯಿಂದಲೂ ವರ್ಧನೆ ಬದಲಿಸುವ ಭಾಗದ ಅಂಕಿಯಿಂದಲೂ ಗುಣಿಸಬೇಕು. ಕೊಳವೆ 170 ಮಿ.ಮೀ., ವಸ್ತುಮಸೂರ 200 ಮಿ.ಮೀ., ನೇತ್ರಮಸೂರ 12.5, ಬದಲಿಸುವ ಅಂಕಿ 1 ಆದರೆ ಒಟ್ಟು ವರ್ಧನೆ ಸುಮಾರು 10.6. ವಸ್ತುಮಸೂರವನ್ನು 175 ಮಿ.ಮೀ.ಗೆ ಬದಲಿಸಿದರೆ ವರ್ಧನೆ 12.1 ಆಗುತ್ತದೆ, ಆದರೆ ಕೈಯಾಡಿಸುವ ಜಾಗ 25 ಮಿ.ಮೀ. ಕಡಿಮೆಯಾಗುತ್ತದೆ.

ವರ್ಧನೆ ಬದಲಿಸುವ ಭಾಗ: ಹಳೆಯ ಮಾದರಿಗಳಲ್ಲಿ ಇದೊಂದು ತಿರುಗುವ ಡ್ರಮ್ಮು. ಒಳಗೆ ಎರಡು ಜೊತೆ ಪುಟ್ಟ ಗೆಲಿಲಿಯೋ ದೂರದರ್ಶಕಗಳಿರುತ್ತವೆ. ಒಂದು ದಿಕ್ಕಿನಲ್ಲಿ ನೋಡಿದರೆ 2.5 ಪಟ್ಟು ದೊಡ್ಡದು, ತಿರುಗಿಸಿ ನೋಡಿದರೆ 0.4 ಪಟ್ಟು. ಇನ್ನೊಂದು ಜೊತೆಯಲ್ಲಿ 1.6 ಮತ್ತು 0.6. ಖಾಲಿ ರಂಧ್ರದಲ್ಲಿ 1. ಎರಡೇ ಜೊತೆ ದೂರದರ್ಶಕದಿಂದ ಐದು ಮೆಟ್ಟಿಲು! ದೂರದರ್ಶಕವನ್ನು ಹಿಂದುಮುಂದಾಗಿ ಹಿಡಿದರೆ ವರ್ಧನೆ ವ್ಯುತ್ಕ್ರಮವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹೊಸ ಮಾದರಿಗಳಲ್ಲಿ ಇದರ ಬದಲು ಝೂಮ್ ಇರುತ್ತದೆ.

ಬೆಳಕು ಹಂಚುವ ಪಟ್ಟಕ: ಇದನ್ನು ಬೀಮ್ ಸ್ಪ್ಲಿಟರ್ ಎನ್ನುತ್ತಾರೆ. ಎರಡು ಲಂಬಕೋನ ಪಟ್ಟಕಗಳನ್ನು ಕರ್ಣದ ಮುಖದಲ್ಲಿ ಅಂಟಿಸಿ ಘನವಾಗಿ ಮಾಡಿರುತ್ತಾರೆ. ಅಂಟಿಸಿದ ಮುಖದ ಮೇಲಿನ ತೆಳುಲೇಪ ಅರ್ಧ ಬೆಳಕನ್ನು ನೇರ ಬಿಟ್ಟು ಅರ್ಧವನ್ನು ಪಕ್ಕಕ್ಕೆ ಕಳಿಸುತ್ತದೆ. ಪಕ್ಕದ ಬೆಳಕು ಸಹಾಯಕರ ಕೊಳವೆಗೋ ಕ್ಯಾಮೆರಾಗೋ ಹೋಗುತ್ತದೆ. ಒಂದೇ ಹಾದಿಯಲ್ಲಿ ಇಂತಹ ಎರಡು ಪಟ್ಟಕಗಳನ್ನು ಒಂದರ ಮೇಲೊಂದು ಇಟ್ಟರೆ ವೈದ್ಯರ ಕಣ್ಣಿಗೆ ಉಳಿಯುವುದು ಕಾಲು ಭಾಗ ಬೆಳಕು ಮಾತ್ರ. ಆದ್ದರಿಂದ ಇಂದು ಕ್ಯಾಮೆರಾ ಬೇಡ, ಸಹಾಯಕರೂ ನೋಡುವುದಿಲ್ಲ ಎನ್ನುವುದಾದರೆ ಆ ಜೋಡಣೆಯನ್ನು ತೆಗೆದಿಡುವುದೇ ಲೇಸು.

ಅಕ್ಷಿಪಟಲ ನೋಡುವ ಜೋಡಣೆಗಳು: ಇವು ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚು. ನಮ್ಮ ಕಣ್ಣೇ ಸುಮಾರು 60 ಡಯಾಪ್ಟರಿನ ಪೀನಮಸೂರ ವ್ಯವಸ್ಥೆ. ಅದರ ಸಂಗಮದಲ್ಲಿರುವ ಅಕ್ಷಿಪಟಲದಿಂದ ಹೊರಬರುವ ಕಿರಣಗಳು ಸಮಾಂತರವಾಗಿರುವುದರಿಂದ, 200 ಮಿ.ಮೀ. ದೂರಕ್ಕೆ ಹೊಂದಿಸಿದ ಸೂಕ್ಷ್ಮದರ್ಶಕಕ್ಕೆ ಅದು ಕಾಣದು. ಇದಕ್ಕಾಗಿ ಕಾರ್ನಿಯದ ಸ್ವಲ್ಪ ಮೇಲೆ ಶಕ್ತಿಶಾಲಿಯಾದ ಪೀನಮಸೂರವೊಂದನ್ನು ತೂಗುಬಿಡುತ್ತಾರೆ. ಜರ್ಮನಿಯ ಮಾನ್‌ಫ್ರೆಡ್ ಸ್ಪಿಟ್ಜ್‌ನಾಸ್ 1987ರಲ್ಲಿ ವಿವರಿಸಿದ 'ಬಯೋಮ್' ಎಂಬ ಜೋಡಣೆ ಈ ಬಗೆಯದು. ಈ ಮಸೂರ ಗಾಳಿಯಲ್ಲಿ ಅಕ್ಷಿಪಟಲದ ತಲೆಕೆಳಗಾದ ಬಿಂಬವೊಂದನ್ನು ಉಂಟುಮಾಡುತ್ತದೆ. ಸೂಕ್ಷ್ಮದರ್ಶಕ ನೋಡುವುದು ಆ ಬಿಂಬವನ್ನು.

ಇಲ್ಲೊಂದು ತೊಡಕಿದೆ. ಬಿಂಬ ತಲೆಕೆಳಗಾದುದಷ್ಟೇ ಅಲ್ಲ, ಎಡಗಣ್ಣಿಗೆ ಸೇರಬೇಕಾದ ನೋಟ ಬಲಗಣ್ಣಿಗೂ ಬಲಗಣ್ಣಿನದು ಎಡಗಣ್ಣಿಗೂ ಹೋಗುತ್ತದೆ. ಆಗ ತಗ್ಗು ಉಬ್ಬಾಗಿಯೂ ಉಬ್ಬು ತಗ್ಗಾಗಿಯೂ ಕಾಣುತ್ತದೆ. ಅದಕ್ಕಾಗಿ ಚಿತ್ರವನ್ನು ತಿರುಗಿಸುವುದರ ಜೊತೆಗೆ ಎಡಬಲಗಳನ್ನೂ ಅದಲುಬದಲು ಮಾಡುವ ವಿಲೋಮಕ ಪಟ್ಟಕವನ್ನು ಸಮಾಂತರ ಹಾದಿಯಲ್ಲಿ ಸೇರಿಸುತ್ತಾರೆ. ಕಣ್ಣಿನ ಮುಂಭಾಗಕ್ಕೆ ಮರಳಿದಾಗ ಈ ವಿಲೋಮಕವನ್ನು ಮರೆಯದೆ ಹಿಂತೆಗೆಯಬೇಕು.

ದೀಪ ಏರಿಸಿದರೆ ಮಬ್ಬು ಏಕೆ ಹೋಗದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ದೀಪದ ಬೆಳಕು ವಸ್ತುಮಸೂರದ ಮೂಲಕವೇ ಇಳಿದು ಪಾಪೆಯೊಳಗೆ ಹೋಗಿ, ಅಕ್ಷಿಪಟಲದಿಂದ ಚದರಿ ಕೆಂಪಾಗಿ ಹಿಂದಿರುಗುತ್ತದೆ. ರಾತ್ರಿ ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣು ಕೆಂಪಾಗಿ ಕಾಣುವುದೂ ಇದರಿಂದಲೇ. ಈ ಕೆಂಪು ಹೊಳಪಿನ ಹಿನ್ನೆಲೆಯಲ್ಲಿ ಮಸೂರದ ಚೀಲದ ಅಂಚು ತೆಳು ಗೆರೆಯಂತೆ ಕಾಣುತ್ತದೆ. ವೈದ್ಯರು ಅವಲಂಬಿಸಿರುವುದು ಈ ಗೆರೆಯನ್ನೇ.

ಹಿನ್ನೆಲೆಯ ಪ್ರಕಾಶ 100, ಅಂಚಿನ ಪ್ರಕಾಶ 80 ಎಂದುಕೊಳ್ಳಿ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ವೈದೃಶ್ಯ, ಅಂದರೆ ಕಾಂಟ್ರಾಸ್ಟ್, ಸಿಗುತ್ತದೆ. ಅದು 20/180, ಸುಮಾರು 0.11. ಈಗ ವಸ್ತುಮಸೂರದ ಮೇಲೆ ಧೂಳು ಅಥವಾ ಒಣಗಿದ ಲವಣದ್ರಾವಣದ ಕಲೆ ಇದೆಯೆನ್ನಿ. ದೀಪದ ಬೆಳಕು ಅದೇ ಮಸೂರದ ಮೂಲಕ ಇಳಿಯುವಾಗ ಆ ಕೊಳೆಯಿಂದ ಚದರಿ ನೇರವಾಗಿ ವೈದ್ಯರ ಕಣ್ಣಿಗೆ ಬರುತ್ತದೆ. ಇಡೀ ನೋಟದ ಮೇಲೆ 100ರಷ್ಟು ಹೆಚ್ಚುವರಿ ಬೆಳಕು ಮುಸುಕಿನಂತೆ ಬಿದ್ದರೆ ಪ್ರಕಾಶಗಳು 200 ಮತ್ತು 180 ಆಗುತ್ತವೆ. ವೈದೃಶ್ಯ 20/380, ಅಂದರೆ 0.053. ಅರ್ಧಕ್ಕಿಂತ ಕಡಿಮೆಯಾಯಿತು.

ಈಗ ದೀಪವನ್ನು ಎರಡರಷ್ಟು ಮಾಡಿ. ಪ್ರಕಾಶಗಳು 400 ಮತ್ತು 360. ವೈದೃಶ್ಯ 40/760, ಅಂದರೆ ಮತ್ತೆ ಅದೇ 0.053! ಸಂಕೇತದ ಜೊತೆಗೆ ಮುಸುಕೂ ಎರಡು ಪಟ್ಟಾಯಿತು. ಚಿತ್ರ ಹೆಚ್ಚು ಬೆಳಗಿತು; ಹೆಚ್ಚು ಸ್ಪಷ್ಟವಾಗಲಿಲ್ಲ. ಮಂಜು ಕವಿದ ಬೆಳಗಿನಲ್ಲಿ ಬಸ್ಸಿನ ಹೆಡ್‌ಲೈಟನ್ನು ಏರಿಸಿದರೆ ಎದುರಿನ ಬಿಳಿ ಗೋಡೆ ಇನ್ನಷ್ಟು ಬೆಳ್ಳಗಾಗುವಂತೆ ಇದು.

ಆದರೆ ಒಂದು ವಿಷಯ ಮಾತ್ರ ನಿಜವಾಗಿ ಎರಡು ಪಟ್ಟಾಯಿತು: ರೋಗಿಯ ಅಕ್ಷಿಪಟಲದ ಮೇಲೆ ಬೀಳುವ ಬೆಳಕು. ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದ ಬೆಳಕಿನಿಂದಲೇ ಅಕ್ಷಿಪಟಲಕ್ಕೆ ಹಾನಿಯಾಗಬಹುದೆಂದು 1983ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ನೀಲಿ ಮತ್ತು ನೇರಳಾತೀತ ಬೆಳಕಿನ ಫೋಟಾನುಗಳಿಗೆ ಶಕ್ತಿ ಹೆಚ್ಚು. ಅವುಗಳಿಂದ ಆಗುವ ದ್ಯುತಿರಾಸಾಯನಿಕ ಹಾನಿಯೂ ಹೆಚ್ಚು. ಅದಕ್ಕಾಗಿಯೇ ದೀಪದ ಹಾದಿಯಲ್ಲಿ ಸೋಸುಕಗಳನ್ನು ಇಡುತ್ತಾರೆ. ಇಷ್ಟಾದರೂ ಬೆಳಕಿನ ತೀವ್ರತೆಯನ್ನು ಕೆಲಸಕ್ಕೆ ಬೇಕಾದಷ್ಟಕ್ಕೇ ಇಡುವುದು, ಹೊತ್ತನ್ನು ಕಡಿಮೆ ಮಾಡುವುದು ಎರಡೂ ಅಗತ್ಯ. ಹೀಗೆ ಮಸೂರದ ಮೇಲಿನ ಕೊಳೆಗೆ ದಂಡ ಕಟ್ಟುವವನು ಮೇಜಿನ ಮೇಲೆ ಮಲಗಿದ ರೋಗಿ. ಮಸೂರದ ಪಾಲನೆ ಕೇವಲ ಉಪಕರಣದ ಆಯಸ್ಸಿನ ಪ್ರಶ್ನೆಯಲ್ಲ ಎನ್ನುವುದು ಇದರಿಂದ.

ಕೊಳೆ ಎಲ್ಲಿದೆ?

ಸೂಕ್ಷ್ಮದರ್ಶಕವನ್ನು ಬಿಚ್ಚದೆಯೇ ಕೊಳೆಯ ಜಾಗವನ್ನು ಬಹುಮಟ್ಟಿಗೆ ಪತ್ತೆ ಮಾಡಬಹುದು. ಬಿಂಬ ರೂಪುಗೊಳ್ಳುವ ತಲದ ಹತ್ತಿರವಿರುವ ಕೊಳೆ ಮಾತ್ರ ಚುಕ್ಕೆಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಸಮಾಂತರ ಹಾದಿಯಲ್ಲಿರುವ ಕೊಳೆ ಚುಕ್ಕೆಯಾಗಿ ಕಾಣದೆ ಇಡೀ ನೋಟವನ್ನು ಮಸುಕು ಮಾಡುತ್ತದೆ. ಇಷ್ಟು ತಿಳಿದರೆ ಕ್ರಮ ಸುಲಭ.

1. ಒಂದು ಬಿಳಿ ಕಾಗದವನ್ನು ಫೋಕಸ್ ಮಾಡಿ, ಒಂದು ಕಣ್ಣನ್ನು ಮುಚ್ಚಿ ನೋಡಿ, ಮತ್ತೆ ಇನ್ನೊಂದನ್ನು. ಮಬ್ಬು ಎರಡೂ ಕಡೆ ಇದ್ದರೆ ಎರಡಕ್ಕೂ ಸಾಮಾನ್ಯವಾದ ವಸ್ತುಮಸೂರವನ್ನು ಮೊದಲು ಶಂಕಿಸಿ. ಒಂದೇ ಕಡೆ ಇದ್ದರೆ ಆ ಹಾದಿಯ ಭಾಗಗಳನ್ನು ನೋಡಿ.

2. ಚುಕ್ಕೆ ಕಂಡರೆ ಆ ನೇತ್ರಮಸೂರವನ್ನು ಮೆಲ್ಲನೆ ತಿರುಗಿಸಿ. ಚುಕ್ಕೆಯೂ ಸುತ್ತಿದರೆ ಕೊಳೆ ಅದರಲ್ಲೇ ಇದೆ.

3. ಎರಡು ನೇತ್ರಮಸೂರಗಳನ್ನು ಅದಲುಬದಲು ಮಾಡಿ. ದೋಷ ಜೊತೆಯಲ್ಲೇ ಹೋದರೆ ನೇತ್ರಮಸೂರದ್ದು. ಅಲ್ಲೇ ಉಳಿದರೆ ಕೆಳಗಿನದು.

4. ಬೆಳಕು ಹಂಚುವ ಪಟ್ಟಕವನ್ನು ತೆಗೆದು ಕೊಳವೆಯನ್ನು ನೇರವಾಗಿ ಕೂರಿಸಿ ನೋಡಿ. ಮಬ್ಬು ಹೋದರೆ ತಪ್ಪು ಪಟ್ಟಕದ್ದು.

5. ತೆಗೆದ ಭಾಗವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೇರ ನೋಟಕ್ಕೆ ಕಾಣದ ಕಲೆ ಚದರಿದ ಬೆಳಕಿನಲ್ಲಿ ಕಾಣುತ್ತದೆ.

ನಾನು ಹೋಗಿದ್ದ ಆಸ್ಪತ್ರೆಯಲ್ಲಿ ಇದೇ ಕ್ರಮದಲ್ಲಿ ನೋಡಿದೆವು. ಮಬ್ಬು ಎರಡು ಕಡೆಯೂ ಇತ್ತು, ಬಲಗಡೆ ಹೆಚ್ಚು. ವಸ್ತುಮಸೂರದ ತಳಮುಖದಲ್ಲಿ ಒಣಗಿದ ಹನಿಗಳ ಬಿಳಿ ವರ್ತುಲಗಳಿದ್ದವು. "ದಿನಾ ಸ್ಪಿರಿಟ್ ಹಚ್ಚಿ ಒರಸ್ತೀವ್ರಿ ಸರ್" ಎಂದರು ಸಹಾಯಕ ಸಿಬ್ಬಂದಿ, ಸ್ವಲ್ಪ ನೊಂದುಕೊಂಡೇ. ಅವರ ಮಾತು ನಿಜ. ಕೆಲಸದಲ್ಲಿ ಸೋಮಾರಿತನವಿರಲಿಲ್ಲ, ದ್ರಾವಕದ ಆಯ್ಕೆ ತಪ್ಪಿತ್ತು. ಕಣ್ಣನ್ನು ತೊಳೆಯುವ ದ್ರಾವಣ ಲವಣಗಳದ್ದು. ಲವಣ ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಅಷ್ಟಾಗಿ ಕರಗದು. ರಕ್ತದ ಪ್ರೋಟೀನಂತೂ ಸ್ಪಿರಿಟ್ಟಿನಿಂದ ಹೆಪ್ಪುಗಟ್ಟಿ ಇನ್ನಷ್ಟು ಅಂಟುತ್ತದೆ. ಮೊದಲು ಆಸವಿತ ಜಲ, ಆಮೇಲೆ ಮಸೂರ ಸ್ವಚ್ಛಗೊಳಿಸುವ ದ್ರವ ಬಳಸಿದಾಗ ಹತ್ತು ನಿಮಿಷದಲ್ಲಿ ಮಸೂರ ತಿಳಿಯಾಯಿತು. ಬಲಗಡೆಯ ಹೆಚ್ಚಿನ ಮಬ್ಬು ಮಾತ್ರ ಹೋಗಲಿಲ್ಲ. ಅದರ ಕಥೆ ಬೇರೆ.

ಊದಿ, ಆಮೇಲೆ ಒರೆಸಿ

ಲೇಪವಿಲ್ಲದ ಗಾಜಿನ ಪ್ರತಿ ಮುಖವೂ ಬಿದ್ದ ಬೆಳಕಿನ ಸುಮಾರು ಶೇಕಡ 4ರಷ್ಟನ್ನು ಪ್ರತಿಫಲಿಸುತ್ತದೆ. ಹತ್ತು ಮುಖಗಳನ್ನು ದಾಟಿದರೆ ಉಳಿಯುವುದು ಶೇಕಡ 66ರಷ್ಟು ಮಾತ್ರ. ಮುಖದ ಮೇಲೆ ತೆಳುಲೇಪ ಹಚ್ಚಿ ಪ್ರತಿಫಲನವನ್ನು ಶೇಕಡ 0.5ಕ್ಕೆ ಇಳಿಸಿದರೆ ಶೇಕಡ 95 ಉಳಿಯುತ್ತದೆ. ಮೆಗ್ನೀಸಿಯಂ ಫ್ಲೋರೈಡಿನ ಒಂದೇ ಪದರದ ಲೇಪವಾದರೆ ಅದರ ದಪ್ಪ ಹಸಿರು ಬೆಳಕಿನ ತರಂಗದೂರದ ಕಾಲು ಭಾಗ, ಲೇಪದೊಳಗಿನ ಲೆಕ್ಕದಲ್ಲಿ ಸುಮಾರು 100 ನ್ಯಾನೋಮೀಟರ್. ಮಸೂರವನ್ನು ಓರೆಯಾಗಿ ನೋಡಿದಾಗ ಕಾಣುವ ನೇರಳೆ ಛಾಯೆ ಇದರದ್ದೇ. ಕೂದಲಿನ ಏಳುನೂರನೇ ಒಂದು ಭಾಗದಷ್ಟು ದಪ್ಪದ ಈ ಲೇಪವೇ ನಾವು ಕಾಪಾಡಬೇಕಾದ ಆಸ್ತಿ.

ಹಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ಚಿನ್ನ ಸಿಗುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಮೋಸ್ ಅಳತೆಯಲ್ಲಿ ಬೆಣಚಿನ ಗಡಸುತನ 7. ಗಾಜಿನದು ಸುಮಾರು 5.5ರಿಂದ 6. ಭತ್ತದ ಹೊಟ್ಟಿನಲ್ಲೂ ಸಿಲಿಕ ಹೇರಳ. ಹೊಟ್ಟನ್ನು ಸುಟ್ಟ ಬೂದಿಯ ಬಹುಭಾಗ ಸಿಲಿಕವೇ. ಹೀಗಾಗಿ ಈ ಭಾಗದ ಧೂಳು ಮಸೂರದ ಮೇಲೆ ಕೂತಿರುವಾಗ ಅಂಗಿಯ ತುದಿಯಿಂದಲೋ ಗಾಜ್ ಬಟ್ಟೆಯಿಂದಲೋ ಒಣಗಿದ್ದಂತೆಯೇ ಉಜ್ಜಿದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಸರಿಯಾದ ಕ್ರಮ ಹೀಗೆ:

ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ಸಡಿಲ ಧೂಳನ್ನು ಹಾರಿಸಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ. ಉಳಿದುದನ್ನು ಮೃದು ಕೂದಲಿನ ಕುಂಚದಿಂದ ತೆಗೆಯಿರಿ. ಆ ಕುಂಚವನ್ನು ಬೆರಳಿನಿಂದ ಮುಟ್ಟಬಾರದು, ಚರ್ಮದ ಎಣ್ಣೆ ಹತ್ತುತ್ತದೆ. ಆಮೇಲೆ ಮಸೂರದ ಕಾಗದವನ್ನು ದ್ರವದಿಂದ ತುಸು ತೇವ ಮಾಡಿ, ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ, ಒತ್ತಡ ಹಾಕದೆ ಒರೆಸಿ. ಒಮ್ಮೆ ಬಳಸಿದ ಕಾಗದವನ್ನು ಮತ್ತೆ ಬಳಸಬೇಡಿ. ದ್ರವವನ್ನು ನೇರವಾಗಿ ಮಸೂರದ ಮೇಲೆ ಸುರಿಯಬೇಡಿ. ಅದು ಅಂಚಿನಿಂದ ಒಳಗೆ ಇಳಿಯುತ್ತದೆ. ಲವಣ ಮತ್ತು ರಕ್ತದ ಕಲೆಗೆ ಆಸವಿತ ಜಲ, ಬೆರಳಿನ ಜಿಡ್ಡಿಗೆ ಆಲ್ಕೊಹಾಲು ಇರುವ ದ್ರವ ಎಂಬುದನ್ನು ಗೋಡೆಗೆ ಬರೆದು ಅಂಟಿಸಿದರೂ ತಪ್ಪಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ತೆರೆದ ಬಾಯಿಗಳನ್ನು ಮುಚ್ಚುವುದು. ಕ್ಯಾಮೆರಾ ತೆಗೆದ ಮೇಲೆ ಪಟ್ಟಕದ ಪಕ್ಕದ ಕಿಂಡಿಗೆ ಮುಚ್ಚಳ ಹಾಕದಿದ್ದರೆ, ಕೈಗೆ ಸಿಗದ ಜಾಗಕ್ಕೇ ಧೂಳು ಹೋಗಿ ಸೇರುತ್ತದೆ.

ತೇವ ಮತ್ತು ಬೂಷ್ಟು

ಆಸ್ಪತ್ರೆಯ ಆ ಸೂಕ್ಷ್ಮದರ್ಶಕದಲ್ಲಿ ಆಗಿದ್ದೂ ಅದೇ. ಬಲಗಡೆಯ ಕಿಂಡಿಯ ಮುಚ್ಚಳ ಎಂದೋ ಕಳೆದುಹೋಗಿತ್ತು. ಪಟ್ಟಕವನ್ನು ಬೆಳಕಿಗೆ ಹಿಡಿದಾಗ ಜೇಡರ ಬಲೆಯಂತಹ ಎಳೆಗಳು ಕಂಡವು. ಅದು ಬೂಷ್ಟು, ಅಂದರೆ ಶಿಲೀಂಧ್ರ. ಇದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಸುಗ್ಗಿಯಲ್ಲಿ ಭತ್ತದ ಹೊಟ್ಟು ತಗುಲಿ ಗಾಯವಾದ ರೈತರ ಕಾರ್ನಿಯದಲ್ಲಿ ಹುಣ್ಣು ಉಂಟುಮಾಡುವುದೂ ಶಿಲೀಂಧ್ರಗಳೇ. ಗಾಜಿನ ಮೇಲಿನ ಜಿಡ್ಡು, ಧೂಳಿನ ಕಣ ಅವಕ್ಕೆ ಆಹಾರ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 70ನ್ನು ಮೀರಿ ಬಹುಕಾಲ ಉಳಿದರೆ ಅವು ಬೆಳೆಯುತ್ತವೆ. ಬೆಳೆಯುತ್ತಾ ಆಮ್ಲಗಳನ್ನು ಸ್ರವಿಸಿ ಲೇಪವನ್ನೂ ಗಾಜನ್ನೂ ಕೊರೆಯುತ್ತವೆ. ಎಳೆಗಳನ್ನು ಒರೆಸಬಹುದು, ಕೊರೆದ ಗುರುತನ್ನು ಒರೆಸಲಾಗದು. ಆ ಪಟ್ಟಕವನ್ನು ಕೊನೆಗೆ ಬದಲಿಸಬೇಕಾಯಿತು. ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇದ್ದಿದ್ದರೆ ಆ ಖರ್ಚು ಉಳಿಯುತ್ತಿತ್ತು.

ರಾಯಚೂರು ಸೀಮೆ ಬಿಸಿಲಿನದು, ಇಲ್ಲಿ ಬೂಷ್ಟು ಎಲ್ಲಿಂದ ಎಂದು ನೀವು ಕೇಳಬಹುದು. ಬೇಸಿಗೆಯಲ್ಲಿ ಅದು ನಿಜ. ಆದರೆ ಮಳೆಗಾಲದಲ್ಲಿ, ಸುತ್ತ ಗದ್ದೆಗಳಲ್ಲಿ ನೀರು ನಿಂತಿರುವಾಗ ಮಾತು ಬೇರೆ. ಅದರ ಮೇಲೆ ಏಸಿ. 20 ಡಿಗ್ರಿ ಸೆಲ್ಸಿಯಸ್‌ಗೆ ತಣಿದ ಕೊಠಡಿಯ ಬಾಗಿಲು ತೆರೆದು, 30 ಡಿಗ್ರಿಯ, ಶೇಕಡ 80 ಆರ್ದ್ರತೆಯ ಹೊರಗಾಳಿ ಒಳಬಂತೆನ್ನಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. 20 ಡಿಗ್ರಿಯ ಗಾಜು ಅದಕ್ಕಿಂತ ತಣ್ಣಗಿರುವುದರಿಂದ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಮಸೂರವೂ ಬೆವರುತ್ತದೆ. ಹೀಗಾಗಿ ಏಸಿ ನಿಲ್ಲಿಸಿದೊಡನೆ ಬಾಗಿಲು ಕಿಟಕಿಗಳನ್ನು ತೆರೆದಿಡಬಾರದು.

ಪರಿಹಾರವೂ ಭೌತವಿಜ್ಞಾನದಲ್ಲೇ ಇದೆ. ತೆಗೆದಿಟ್ಟ ಜೋಡಣೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕ ಜೆಲ್ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಅದು ತೇವದಿಂದ ತುಂಬಿದೆ ಎಂದರ್ಥ. ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಿ. ಡಬ್ಬಿಯಿಲ್ಲದಿದ್ದರೆ ಬೀರುವಿನ ತಳದಲ್ಲಿ ಕಡಿಮೆ ವಾಟ್‌ನ ತಂತಿ ಬಲ್ಬನ್ನು, ಬಟ್ಟೆ ಕಾಗದಗಳಿಗೆ ತಗಲದಂತೆ, ಉರಿಸಿಡುವ ಹಳೆಯ ಉಪಾಯವಿದೆ. 27 ಡಿಗ್ರಿಯಲ್ಲಿ ಆರ್ದ್ರತೆ ಶೇಕಡ 85 ಇರುವ ಗಾಳಿಯನ್ನು ಕೇವಲ 5 ಡಿಗ್ರಿ ಬಿಸಿ ಮಾಡಿದರೆ ಆರ್ದ್ರತೆ ಶೇಕಡ 64ಕ್ಕೆ ಇಳಿಯುತ್ತದೆ. ನೀರಾವಿಯ ಪ್ರಮಾಣ ಅಷ್ಟೇ ಇರುತ್ತದೆ, ಅದನ್ನು ಹಿಡಿದಿಡುವ ಗಾಳಿಯ ಸಾಮರ್ಥ್ಯ ಹೆಚ್ಚುತ್ತದೆ. ಗೋಡೆಗೊಂದು ಆರ್ದ್ರತಾಮಾಪಕ ತೂಗುಹಾಕಿ ದಿನಾ ಬರೆದಿಡುವುದು ಇನ್ನೂ ಒಳ್ಳೆಯದು.

ಜೋಡಿಸುವಾಗ ಗಮನಿಸಬೇಕಾದವು

ಜೋಡಣೆಯನ್ನು ರೋಗಿಯ ಮೇಲಿರುವಾಗ ಎಂದೂ ಬದಲಿಸಬಾರದು. 1.5 ಕಿ.ಗ್ರಾಂ. ತೂಕದ ಜೋಡಣೆಯನ್ನು ಕೀಲಿನಿಂದ 0.6 ಮೀಟರ್ ದೂರದಲ್ಲಿ ಸೇರಿಸಿದರೆ ತೋಳಿನ ಮೇಲೆ ಸುಮಾರು 8.8 ನ್ಯೂಟನ್ ಮೀಟರಿನಷ್ಟು ಹೆಚ್ಚಿನ ತಿರುಚುಬಲ ಬೀಳುತ್ತದೆ. ಸ್ಪ್ರಿಂಗಿನ ಬಿಗಿಯನ್ನು ಅದಕ್ಕೆ ತಕ್ಕಂತೆ ಹೊಂದಿಸದಿದ್ದರೆ ಸೂಕ್ಷ್ಮದರ್ಶಕ ಮೆಲ್ಲಮೆಲ್ಲನೆ ಕೆಳಗಿಳಿಯುತ್ತದೆ. ಕೆಳಗಿರುವುದು ತೆರೆದ ಕಣ್ಣು. ಪ್ರತಿ ಜೋಡಣೆಯ ನಂತರ ತಿರುಪು ಬಿಗಿಯಾಗಿದೆಯೇ, ಕೈ ಬಿಟ್ಟರೆ ತೋಳು ಇದ್ದಲ್ಲೇ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು.

ಫೋಕಸ್ ಹೊಂದಿಸಲು ಅತಿ ಹೆಚ್ಚಿನ ವರ್ಧನೆಯಲ್ಲಿ ಚಪ್ಪಟೆಯಾದ ಮುದ್ರಿತ ಅಕ್ಷರವೊಂದನ್ನು ಸ್ಪಷ್ಟ ಮಾಡಿಕೊಳ್ಳಿ. ಆಗ ಫೋಕಸ್ ಸ್ಪಷ್ಟವಾಗಿರುವ ಆಳ ಅತಿ ಕಡಿಮೆ, ತಪ್ಪು ಬೇಗ ತಿಳಿಯುತ್ತದೆ. ನಂತರ ವರ್ಧನೆಯನ್ನು ಇಳಿಸಿ, ಎತ್ತರವನ್ನು ಮುಟ್ಟದೆ ಪ್ರತಿ ನೇತ್ರಮಸೂರದ ಉಂಗುರವನ್ನು ಮಾತ್ರ ತಿರುಗಿಸಿ ಹೊಂದಿಸಿ. ಹೀಗೆ ಮಾಡದಿದ್ದರೆ ವೈದ್ಯರ ಕಣ್ಣು ತಾನೇ ಹೊಂದಿಕೊಂಡು ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಹೊಂದಿಕೊಳ್ಳಲಾರದ ಕ್ಯಾಮೆರಾದಲ್ಲಿ ಚಿತ್ರ ಮಸುಕಾಗುತ್ತದೆ. ತಪ್ಪು ಕ್ಯಾಮೆರಾದ್ದೆಂದು ಎಲ್ಲರೂ ಅದನ್ನು ಬಯ್ಯುತ್ತಾರೆ!

ಕ್ರಿಮಿಶುದ್ಧಿಯ ವಿಷಯದಲ್ಲೂ ಎಚ್ಚರ ಬೇಕು. ತಯಾರಕರು ಸೂಚಿಸಿದ ಹಿಡಿಗಳು, ಮುಚ್ಚಳಗಳು, ಕಣ್ಣಿನ ಹತ್ತಿರ ತೂಗುವ ಮುಂಭಾಗದ ಮಸೂರ ಇವುಗಳನ್ನು ಮಾತ್ರ ಆಟೋಕ್ಲೇವಿಗೆ ಹಾಕಬಹುದು. ಅಂಟಿಸಿದ ಪಟ್ಟಕಗಳು 121 ಡಿಗ್ರಿಯ ಹಬೆಯನ್ನು ತಾಳಲಾರವು.

ಶಾಲೆಯಲ್ಲಿ ಮಾಡಿ ನೋಡಿ

ಶಿಕ್ಷಕರೇ, ಇಷ್ಟನ್ನೂ ಎರಡು ಪೀನಮಸೂರಗಳಿಂದ ತೋರಿಸಬಹುದು. ಟಾರ್ಚಿನ ಮುಂದೆ ತೆಳುಕಾಗದ ಅಂಟಿಸಿ ಅದರ ಮೇಲೆ ಶಾಯಿಯಿಂದ ಕೂಡಿಸುವ ಚಿಹ್ನೆ ಬರೆಯಿರಿ. 20 ಸೆಂ.ಮೀ. ಸಂಗಮದೂರದ ಮಸೂರವನ್ನು ಅದರಿಂದ 20 ಸೆಂ.ಮೀ. ದೂರದಲ್ಲಿಡಿ. ಅದರಾಚೆ 10 ಸೆಂ.ಮೀ. ಸಂಗಮದೂರದ ಮಸೂರ, ಅದರಿಂದ 10 ಸೆಂ.ಮೀ. ದೂರದಲ್ಲಿ ತೆರೆ ಇಡಿ. ಅರ್ಧ ಗಾತ್ರದ ಬಿಂಬ ಮೂಡುತ್ತದೆ. ಎರಡನೆಯ ಮಸೂರ ಮತ್ತು ತೆರೆಯನ್ನು ಒಟ್ಟಾಗಿ ಹಿಂದೆ ಸರಿಸಿ. ಬಿಂಬ ಸ್ಪಷ್ಟವಾಗಿಯೇ ಉಳಿಯುತ್ತದೆ. ನಡುವೆ 45 ಡಿಗ್ರಿಯಲ್ಲಿ ಗಾಜಿನ ಹಲಗೆ ಇಟ್ಟು, ಪಕ್ಕದಿಂದ ನೋಡಿ. ಅದೇ ಬೆಳಕು ಹಂಚುವ ಪಟ್ಟಕ. ಮೊದಲ ಮಸೂರದ ಮೇಲೆ 5 ಮಿ.ಮೀ. ಕಾಗದದ ಚೂರು ಅಂಟಿಸಿ. ತೆರೆಯ ಮೇಲೆ ಅದರ ಆಕಾರ ಕಾಣುವುದಿಲ್ಲ, ಬಿಂಬ ತುಸು ಮಂಕಾಗುತ್ತದೆ ಅಷ್ಟೆ. ಅದನ್ನೇ ಶಾಯಿಯ ಚಿಹ್ನೆಯ ಪಕ್ಕದಲ್ಲಿ ಅಂಟಿಸಿ, ಸ್ಪಷ್ಟವಾಗಿ ಕಾಣುತ್ತದೆ. ಕೊಳೆ ಪತ್ತೆ ಮಾಡುವ ವಿದ್ಯೆಯೆಲ್ಲ ಇಷ್ಟರಲ್ಲಿದೆ.

ನಿಮ್ಮ ಶಾಲೆಯ ಸೂಕ್ಷ್ಮದರ್ಶಕವನ್ನೂ ಬೀರುವಿನಿಂದ ಹೊರತೆಗೆದು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅದರಲ್ಲೂ ಬಲೆಯಂತಹ ಎಳೆಗಳಿರುವ ಸಂಭವವಿದೆ.

ತಾಲ್ಲೂಕು ಊರಿನ ಆಸ್ಪತ್ರೆಗೆ ತಜ್ಞ ಎಂಜಿನಿಯರ್ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ನೂರಾರು ಕಿಲೋಮೀಟರ್ ದಾಟಿ ಬರಬೇಕು. ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆಯಂತಹ ಸಂಸ್ಥೆಗಳು ಉಪಕರಣ ಪಾಲನೆಯಲ್ಲಿ ತಂತ್ರಜ್ಞರಿಗೆ ತರಬೇತಿ ಕೊಡುತ್ತವೆ. ವಿಜ್ಞಾನ ಓದಿದ ತರುಣ ತರುಣಿಯರು ಇಂತಹ ಕೆಲಸಕ್ಕೆ ಮುಂದಾದರೆ ನಮ್ಮ ಊರುಗಳಿಗೆ ದೊಡ್ಡ ಉಪಕಾರ. ಯಾವ ಭಾಗವನ್ನು ತಾವು ಮುಟ್ಟಬಹುದು, ಯಾವುದನ್ನು ಎಂಜಿನಿಯರಿಗೆ ಬಿಡಬೇಕು ಎಂಬ ವಿವೇಕ ಮಾತ್ರ ಅವರಿಗಿರಬೇಕು. ಹೊರಗಿನ ಮುಖಗಳು ನಮ್ಮವು, ಒಳಗಿನವು ಅವರವು.

ಆ ವೈದ್ಯರ ಕೊಠಡಿಯಲ್ಲಿ ಈಗ ಆಸವಿತ ಜಲದ ಬಾಟಲಿ, ರಬ್ಬರ್ ಬುರುಡೆ, ಸಿಲಿಕ ಜೆಲ್ಲಿನ ಡಬ್ಬಿ ಮೂರೂ ಇವೆ. ದೀಪದ ಗುಂಡಿಯನ್ನು ಮೊದಲಿಗಿಂತ ಎರಡು ಗುರುತು ಕಡಿಮೆ ಇಟ್ಟು ಕೆಲಸ ಮಾಡುತ್ತೇನೆ ಎಂದು ಅವರು ಇತ್ತೀಚೆಗೆ ಹೇಳಿದರು.